ಚಿಕ್ಕ ಪಿಸ್ತೂಲು ಸುಲಭ ಅಂತ ಯಾರು ಹೇಳಿದ್ದು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇವೆ. ಬಟ್ಟೆಯ ಮರೆಯಲ್ಲಿ ಇಟ್ಟುಕೊಂಡು ಓಡಾಡಲು ಯಾವ ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಒಳ್ಳೆಯದು? ಉತ್ತರಕ್ಕೆ ಮೊದಲು ಒಂದು ಮಾತು. ಪಿಸ್ತೂಲು ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಅದನ್ನು ಮರೆಯಲ್ಲಿ ಒಯ್ಯುವ ಅನುಮತಿ ಬೇರೆ, ಯಾವ ಕ್ಯಾಲಿಬರ್ (ಗುಂಡಿನ ಅಳತೆ) ಇಟ್ಟುಕೊಳ್ಳಬಹುದು ಅನ್ನುವುದಂತೂ ದೇಶದಿಂದ ದೇಶಕ್ಕೆ ಬೇರೆ. ಅದನ್ನು ಮೊದಲು ಬರವಣಿಗೆಯಲ್ಲಿ ತಿಳಿದುಕೊಳ್ಳಿ. ಆ ಕೆಲಸ ಮುಗಿದವರಿಗೆ ಮಾತ್ರ ಮುಂದಿನ ಮಾತು.

ಪ್ರಶ್ನೆ: ಸರ್, ಕಾಗದಪತ್ರ ಎಲ್ಲ ಆಗಿದೆ. ಇದು ನನ್ನ ಮೊದಲ ಪಿಸ್ತೂಲು. ಅಂಗೈಯಷ್ಟೇ ಇರುವ ಒಂದನ್ನು ನೋಡಿದೆ, ತುಂಬಾ ಹಗುರ, ಜೇಬಲ್ಲಿ ಇದ್ದರೂ ಗೊತ್ತಾಗಲ್ಲ. ಹೊಸಬನಿಗೆ ಚಿಕ್ಕದೇ ಸರಿ ಅಲ್ವಾ?

ಉತ್ತರ: ಅಲ್ಲ. ಹೊಸಬನಿಗೆ ಎಲ್ಲಕ್ಕಿಂತ ಕಷ್ಟದ ಪಿಸ್ತೂಲು ಅದೇ.

ನಾನೂ ಹೀಗೇ ಮೋಸಹೋದವನು. ಮೊದಲು ತಗೊಂಡದ್ದು ಚಿಕ್ಕದು, ಅಂಗಿಯೊಳಗೆ ಹಾಕಿಕೊಂಡು ಕನ್ನಡಿ ಮುಂದೆ ಹತ್ತು ಸಲ ತಿರುಗಿ ನೋಡಿ ಖುಷಿಪಟ್ಟಿದ್ದೆ. ಗುರಿ ಅಭ್ಯಾಸದ ರೇಂಜಿಗೆ ಹೋದ ದಿನ ಮೂರು ಮ್ಯಾಗಜಿನ್ (ಹಿಡಿಯೊಳಗೆ ಕೂರುವ, ಗುಂಡು ತುಂಬುವ ಪಟ್ಟಿ) ಮುಗಿಯುವಷ್ಟರಲ್ಲಿ ತೋರುಬೆರಳಿನ ಗೆಣ್ಣು ಟ್ರಿಗರ್ ಸುತ್ತಲಿನ ಬಳೆಗೆ, ಅಂದರೆ ಟ್ರಿಗರ್ ಗಾರ್ಡಿಗೆ, ಬಡಿದು ಬಡಿದು ಕೆಂಪಾಗಿತ್ತು. ಗುಂಡುಗಳೆಲ್ಲ ಗುರಿಯ ಕೆಳಗೆ ಬೀಳುತ್ತಿದ್ದವು. ಗುರಿ ನೋಡುವ ಸೈಟು ಸರಿಯಿಲ್ಲ ಅಂತ ಗೊಣಗಿದೆ. ಕಲಿಸುವವರು ಏನೂ ಹೇಳದೆ ಮ್ಯಾಗಜಿನ್ ಇಸಕೊಂಡು, ನನಗೆ ಗೊತ್ತಾಗದ ಹಾಗೆ ಮಧ್ಯದಲ್ಲಿ ಒಂದು ಡಮ್ಮಿ ಗುಂಡು ಸೇರಿಸಿ ಕೊಟ್ಟರು. ಮೂರನೇ ಸಲ ಟ್ರಿಗರ್ ಎಳೆದಾಗ ಬರೀ "ಟಕ್" ಅಂತು. ಗುಂಡೇ ಹಾರಲಿಲ್ಲ, ಆದರೂ ಪಿಸ್ತೂಲಿನ ಮೂತಿ ಎರಡು ಇಂಚು ಕೆಳಗೆ ಕುಕ್ಕಿತು. ತಪ್ಪು ಸೈಟಿನದಲ್ಲ, ಒದೆತಕ್ಕೆ ಹೆದರಿ ಮೊದಲೇ ಬಗ್ಗುತ್ತಿದ್ದ ನನ್ನ ಮಣಿಕಟ್ಟಿನದು.

ಕಾರಣ ಸರಳ. ಗುಂಡಿನ ಶಕ್ತಿ ಅಷ್ಟೇ ಇರುವಾಗ ಪಿಸ್ತೂಲು ಹಗುರವಾದಷ್ಟೂ ಕೈಗೆ ಒದೆತ ಜಾಸ್ತಿ. ಜೇಬಿನ ಪಿಸ್ತೂಲುಗಳಲ್ಲಿ ಹೆಸರಾದ ರೂಗರ್ ಎಲ್‌ಸಿಪಿ ಖಾಲಿ ಇದ್ದಾಗ ಸುಮಾರು 270 ಗ್ರಾಂ. ಕಾಂಪ್ಯಾಕ್ಟ್ (ಮಧ್ಯದ ಅಳತೆ) ಅಂದರೆ ಎಲ್ಲರೂ ಮೊದಲು ಬೊಟ್ಟು ಮಾಡುವ ಗ್ಲಾಕ್ 19 ಖಾಲಿ ಇದ್ದರೂ 600 ಗ್ರಾಂ ಮುಟ್ಟುತ್ತದೆ. ಎರಡು ಸೈಟುಗಳ ನಡುವಿನ ದೂರವೂ ಚಿಕ್ಕದರಲ್ಲಿ ಕಡಿಮೆ, ಹಾಗಾಗಿ ಗುರಿ ಹಿಡಿಯುವಾಗ ಕೂದಲೆಳೆ ತಪ್ಪಿದರೂ ಗುಂಡು ದೂರ ಹೋಗಿ ಬೀಳುತ್ತದೆ. ಹಿಡಿಯಲು ಜಾಗವೂ ಇಲ್ಲ, ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ. ಪಳಗಿದ ಕೈಗೆ ಇದೆಲ್ಲ ಒಗ್ಗುತ್ತದೆ. ನಿಮ್ಮದು ಇನ್ನೂ ಪಳಗಿಲ್ಲ.

ನೋಡಬೇಕಾದದ್ದು ಮಧ್ಯದ ಅಳತೆಯವು. ಗ್ಲಾಕ್ 19 ಬಂದದ್ದು 1988ರಲ್ಲಿ. ಬ್ಯಾರಲ್ (ನಳಿಗೆ) ಸುಮಾರು 10 ಸೆಂಟಿಮೀಟರ್, ಮ್ಯಾಗಜಿನ್ನಿನಲ್ಲಿ 15 ಗುಂಡು. ದಪ್ಪ ಅನ್ನಿಸಿದರೆ ಅದಕ್ಕಿಂತ ತೆಳ್ಳಗಿನವು ಬೇಕಾದಷ್ಟಿವೆ. ಮೊದಲೆಲ್ಲ ತೆಳ್ಳಗೆ ಬೇಕು ಅಂದರೆ ಆರೋ ಏಳೋ ಗುಂಡಿಗೆ ತೃಪ್ತಿಪಡಬೇಕಿತ್ತು. 2018ರಲ್ಲಿ ಸಿಗ್ ಸವರ್ ಪಿ365 ಬಂದು ಆ ಲೆಕ್ಕವನ್ನೇ ತಲೆಕೆಳಗೆ ಮಾಡಿತು, ಎಂಟು ಸೆಂಟಿಮೀಟರ್ ಕೂಡ ಇಲ್ಲದ ಬ್ಯಾರಲ್, ಸುಮಾರು ಅರ್ಧ ಕಿಲೋ ತೂಕ, ಆದರೂ ಮ್ಯಾಗಜಿನ್ನಿನಲ್ಲಿ 10 ಗುಂಡು. ಮರುವರ್ಷವೇ ಸ್ಪ್ರಿಂಗ್‌ಫೀಲ್ಡ್‌ನ ಹೆಲ್‌ಕ್ಯಾಟ್ 11 ಗುಂಡಿನೊಂದಿಗೆ ಬಂತು. ಆಮೇಲೆ ಎಲ್ಲ ಕಂಪನಿಗಳೂ ಅದೇ ದಾರಿ ಹಿಡಿದವು.

ಇನ್ನೊಂದು ವಿಷಯ, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಸೊಂಟದಲ್ಲಿ ಪಿಸ್ತೂಲು ಇದೆ ಅಂತ ತೋರಿಸಿಕೊಡುವುದು ಬ್ಯಾರಲ್ ಅಲ್ಲ, ಕೈಯಲ್ಲಿ ಹಿಡಿಯುವ ಭಾಗ, ಅಂದರೆ ಹಿಡಿ. ಬ್ಯಾರಲ್ ಪ್ಯಾಂಟಿನೊಳಗೆ ಇಳಿದಿರುತ್ತದೆ, ಅದು ಎರಡು ಇಂಚು ಉದ್ದವಾದರೆ ಯಾರಿಗೆ ಗೊತ್ತಾಗಬೇಕು? ನೀವು ಬಗ್ಗಿದಾಗ ಅಂಗಿಯನ್ನು ಹಿಂದಿನಿಂದ ಚುಚ್ಚಿ ನಿಲ್ಲುವುದು ಹಿಡಿಯ ಮೂಲೆ. ಗ್ಲಾಕ್ 43ಎಕ್ಸ್ ಮತ್ತು 48 ಎರಡಕ್ಕೂ ಹಿಡಿ ಒಂದೇ, ಬ್ಯಾರಲ್ ಮತ್ತು ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರುವ ಭಾಗ) ಮಾತ್ರ 48ರಲ್ಲಿ ಉದ್ದ. ಹಾಗಾಗಿ ಮರೆಮಾಡಲು ಎರಡೂ ಹೆಚ್ಚುಕಮ್ಮಿ ಒಂದೇ. ಎಷ್ಟೋ ಜನರಿಗೆ ಉದ್ದ ಬ್ಯಾರಲ್ಲಿನದೇ ಸೊಂಟದಲ್ಲಿ ಹೊರಳದೆ ಕೂರುತ್ತದೆ. ಕೊಳ್ಳುವ ಮೊದಲು ರೇಂಜಿನಲ್ಲಿ ಬಾಡಿಗೆಗೆ ಸಿಕ್ಕಿದರೆ ಮೂರ್ನಾಲ್ಕನ್ನು ಹಾರಿಸಿ ನೋಡಿ. ಏಳು ಮೀಟರಿನಿಂದ ಒಂದು ಅಂಗೈಯಗಲದೊಳಗೆ ಐದೂ ಗುಂಡು ಬೀಳುವಂಥದ್ದು ಯಾವುದೋ, ಅದನ್ನು ಆರಿಸಿ. ತುಂಬಾ ಚಿಕ್ಕದು ಬೇಕಾದರೆ ಕೈ ಪಳಗಿದ ಮೇಲೆ ನೋಡಿಕೊಳ್ಳಿ.

ಪ್ರಶ್ನೆ: 9 ಎಂಎಂ ತಗೊಳ್ಳಲೋ .380 ತಗೊಳ್ಳಲೋ? ಇಬ್ಬರು ಗೆಳೆಯರು, ಎರಡು ಮಾತು.

ಉತ್ತರ: ಕಾನೂನು ಒಪ್ಪಿದರೆ, ಕೈ ತಡೆದರೆ, 9 ಎಂಎಂ. ತಮಾಷೆ ಏನೆಂದರೆ ಎರಡೂ ಗುಂಡುಗಳ ಅಡ್ಡಳತೆ ಹತ್ತಿರ ಹತ್ತಿರ ಒಂದೇ. ತೋಟಾದ (ಗುಂಡು ಕೂರುವ ಲೋಹದ ಕೊಳವೆಯ) ಉದ್ದದಲ್ಲಿ ವ್ಯತ್ಯಾಸ, 9 ಎಂಎಂನದು 19 ಮಿಲಿಮೀಟರ್, .380ರದು 17. ಮೊದಲನೆಯದು 1902ರಲ್ಲಿ ಜಾರ್ಜ್ ಲೂಗರ್ ರೂಪಿಸಿದ್ದು, ಎರಡನೆಯದು 1908ರ ಜಾನ್ ಬ್ರೌನಿಂಗ್ ಅವರದು. ನೂರು ವರ್ಷ ದಾಟಿದರೂ ಎರಡೂ ನಿವೃತ್ತಿಯ ಮಾತೆತ್ತಿಲ್ಲ. 9 ಎಂಎಂಗೆ ಶಕ್ತಿ ಜಾಸ್ತಿ, ಗುಂಡಿನ ಬಗೆಗಳೂ ಜಾಸ್ತಿ, ಸಾಮಾನ್ಯವಾಗಿ ಅಗ್ಗ ಕೂಡ, ಅಂದರೆ ಅಭ್ಯಾಸ ಜಾಸ್ತಿ ಮಾಡಬಹುದು. ಕೈಯಲ್ಲಿ ನೋವೋ ಬಲ ಕಡಿಮೆಯೋ ಇದ್ದರೆ .380ಕ್ಕೆ ನಾಚಿಕೊಳ್ಳಬೇಕಿಲ್ಲ. ಗುರಿ ತಪ್ಪಿದ ದೊಡ್ಡ ಗುಂಡಿಗಿಂತ ಗುರಿಗೆ ಹೋದ ಚಿಕ್ಕ ಗುಂಡು ಮೇಲು.

ಎರಡರ ಡಬ್ಬಿಗಳನ್ನು ಮಾತ್ರ ಒಂದೇ ಕಡೆ ಇಡಬೇಡಿ.

ಪ್ರಶ್ನೆ: ನನಗೆ ಅರವತ್ತು ದಾಟಿದೆ. ಅಂಗಡಿಯಲ್ಲಿ ಸ್ಲೈಡ್ ಹಿಂದಕ್ಕೆ ಎಳೆಯಲು ಹೋಗಿ ಆಗದೆ ನಾಚಿಕೆಯಾಯಿತು. ಅಂಗಡಿಯ ಹುಡುಗ "ಅಮ್ಮಾ, ನೀವು ರಿವಾಲ್ವರ್ ತಗೊಳ್ಳಿ" ಅಂದ. ಹಾಗೇ ಮಾಡಲಾ?

ಉತ್ತರ: ಅವಸರ ಬೇಡ ಅಮ್ಮಾ. ಮೊದಲು ಹೇಗೆ ಎಳೆದಿರಿ ಹೇಳಿ. ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಸ್ಲೈಡಿನ ಹಿಂತುದಿಯನ್ನು ಚಿವುಟಿದಂತೆ ಹಿಡಿದು ಎಳೆದಿದ್ದರೆ, ಅದು ನನಗೂ ಕಷ್ಟವೇ. ಹೀಗೆ ಮಾಡಿ ನೋಡಿ. ಪಿಸ್ತೂಲನ್ನು ಎದೆಗೆ ಹತ್ತಿರ ತನ್ನಿ, ಮೂತಿ ಯಾರೂ ಇಲ್ಲದ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಎಡಗೈಯ ನಾಲ್ಕೂ ಬೆರಳು ಸ್ಲೈಡಿನ ಮೇಲಿಂದ ಬಂದು ಆಚೆ ಬದಿಯನ್ನು ಹಿಡಿಯಲಿ, ಅಂಗೈ ಬುಡ ಈಚೆ ಬದಿಗೆ ಒತ್ತಲಿ. ಈಗ ಸ್ಲೈಡನ್ನು ಎಳೆಯಬೇಡಿ. ಅದನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಲಗೈಯಿಂದ ಪಿಸ್ತೂಲನ್ನು ಮುಂದಕ್ಕೆ ತಳ್ಳಿ. ಬೆರಳಿನ ಬಲದ ಬದಲು ಭುಜದ ಬಲ ಕೆಲಸ ಮಾಡುತ್ತದೆ. ಖಾಲಿ ಪಿಸ್ತೂಲಿನಲ್ಲಿ, ಗೊತ್ತಿರುವವರ ಎದುರಿಗೇ ಮೊದಲ ಸಲ ಮಾಡಿ.

ಹಾಗೂ ಆಗದಿದ್ದರೆ ದೊಡ್ಡ ಪಿಸ್ತೂಲು ಕೇಳಿ, ಚಿಕ್ಕದಲ್ಲ. ಚಿಕ್ಕ ಪಿಸ್ತೂಲಿನ ಸ್ಲೈಡ್ ಹಗುರ, ಅದನ್ನು ತಡೆದು ನಿಲ್ಲಿಸಲು ಬಿಗಿ ಸ್ಪ್ರಿಂಗ್ ಹಾಕಿರುತ್ತಾರೆ, ಅದಕ್ಕೇ ಅದು ಅಷ್ಟು ಬಿಗಿ. ವಾಲ್ಥರ್ ಪಿಪಿಕೆ ನೋಡಲು ಮುದ್ದಾಗಿದೆ, ಎಳೆದು ನೋಡಿದರೆ ಗೊತ್ತಾಗುತ್ತದೆ. ಸ್ಲೈಡ್ ಎಳೆಯುವುದು ಸುಲಭವಾಗಲಿ ಅಂತಲೇ ಸ್ಮಿತ್ ಅಂಡ್ ವೆಸನ್‌ನವರು 2018ರಲ್ಲಿ ಶೀಲ್ಡ್ ಇಝೆಡ್ ಅನ್ನುವುದನ್ನು .380ರಲ್ಲಿ ತಂದರು. ನಿಮ್ಮಲ್ಲಿ ಸಿಗುತ್ತದಾ ಕೇಳಿ. ಇನ್ನು ರಿವಾಲ್ವರ್: ಸ್ಲೈಡ್ ಇಲ್ಲ, ನಿಜ. ಆದರೆ ಅದರ ಟ್ರಿಗರ್ ಉದ್ದ, ಭಾರ. ಸ್ಲೈಡ್ ಎಳೆಯಲಾಗದ ಬೆರಳಿಗೆ ಅದೇನು ಹೂವಲ್ಲ. ಅದನ್ನು ಆ ಹುಡುಗ ಹೇಳಿರಲಿಕ್ಕಿಲ್ಲ.

ಪ್ರಶ್ನೆ: ಸಿನಿಮಾದಲ್ಲಿ ಬೆನ್ನ ಹಿಂದೆ ಪ್ಯಾಂಟಿಗೆ ಸುಮ್ನೆ ಸಿಕ್ಕಿಸಿಕೊಳ್ತಾರಲ್ಲ, ಹಾಗೆ ಮಾಡಬಹುದಾ?

ಉತ್ತರ: ಅವರದು ರಬ್ಬರಿನದು.

ಪ್ರಶ್ನೆ: ಕೆಲವು ಪಿಸ್ತೂಲುಗಳಿಗೆ ಕೈಯಿಂದ ಹಾಕುವ ಸೇಫ್ಟಿ ಕೀಲಿಯೇ ಇಲ್ಲ. ಚೇಂಬರಿನಲ್ಲಿ (ಬ್ಯಾರಲ್ಲಿನ ಹಿಂತುದಿಯಲ್ಲಿ, ಹಾರಲು ಸಿದ್ಧವಾಗಿ) ಗುಂಡು ಇಟ್ಟುಕೊಂಡು ಅಂಥದ್ದನ್ನು ಸೊಂಟಕ್ಕೆ ಹಾಕಿಕೊಳ್ಳಲು ಹೆದರಿಕೆ. ನನ್ನ ಹೆದರಿಕೆ ತಪ್ಪಾ? ಹೋಲ್ಸ್ಟರ್‌ಗೆ (ಪಿಸ್ತೂಲಿನ ಒರೆಗೆ) ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ಉತ್ತರ: ಹೆದರಿಕೆ ತಪ್ಪಲ್ಲ. ಅದು ಸ್ವಲ್ಪ ಉಳಿದಿರಲಿ. ಗ್ಲಾಕ್‌ನಂಥವುಗಳಲ್ಲಿ ಸೇಫ್ಟಿ ಇಲ್ಲ ಅಂತಲ್ಲ, ಒಳಗೇ ಇದೆ. ಟ್ರಿಗರ್ ಎಳೆಯದ ಹೊರತು ಗುಂಡಿಗೆ ಬಡಿಯುವ ಫೈರಿಂಗ್ ಪಿನ್ ಮುಂದೆ ಬರದಂತೆ ತಡೆಗಳಿವೆ, ಕೆಳಗೆ ಬಿದ್ದರೂ ಹಾರಬಾರದು ಅಂತಲೇ ಮಾಡಿರುತ್ತಾರೆ. ತೊಂದರೆ ಎಲ್ಲಿ ಅಂದರೆ ಟ್ರಿಗರ್ ಎಳೆದರೆ ಅದು ಹಾರುತ್ತದೆ, ಎಳೆದದ್ದು ಬೆರಳೋ ಬಟ್ಟೆಯೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಎರಡೂವರೆ ಕಿಲೋ ಆಸುಪಾಸಿನ ಒತ್ತಡ ಸಾಕು.

ಹಾಗಾಗಿ ನಿಮ್ಮ ನಿಜವಾದ ಸೇಫ್ಟಿ ಹೋಲ್ಸ್ಟರ್. ಅದು ಟ್ರಿಗರ್ ಗಾರ್ಡನ್ನು ಪೂರ್ತಿ ಮುಚ್ಚಬೇಕು, ಹೊರಗಿಂದ ಒತ್ತಿದರೂ ಒಳಗಿನ ಟ್ರಿಗರ್ ಅಲುಗಬಾರದಷ್ಟು ಗಟ್ಟಿ ಇರಬೇಕು, ಪಿಸ್ತೂಲು ತೆಗೆದ ಮೇಲೂ ಬಾಯಿ ಮುಚ್ಚಿಕೊಳ್ಳದೆ ನಿಲ್ಲಬೇಕು. ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನವು ಇದಕ್ಕೆ ಒಳ್ಳೆಯವು. ಎಲ್ಲ ಪಿಸ್ತೂಲಿಗೂ ಒಂದೇ ಅಂತ ಮಾರುವ ಮೆತ್ತನೆ ಬಟ್ಟೆಯ ಚೀಲ ಬೇಡ. ಹಳೆ ಚರ್ಮದವು ಬಾಯಿ ಹತ್ತಿರ ಮಡಚಿಕೊಂಡು ಆ ಮಡಿಕೆಯೇ ಟ್ರಿಗರ್ ಒಳಗೆ ಹೋಗುವುದುಂಟು. ಬೆಲ್ಟು ಕೂಡ ದಪ್ಪದ್ದೇ ಬೇಕು, ಇಲ್ಲದಿದ್ದರೆ ದಿನವಿಡೀ ಸೊಂಟ ಎತ್ತಿಕೊಳ್ಳುವುದೇ ಕೆಲಸ, ಆ ಎತ್ತಾಟ ನೋಡಿಯೇ ಜನರಿಗೆ ಗೊತ್ತಾಗುತ್ತದೆ.

ಅಪಾಯ ಜಾಸ್ತಿ ಇರುವುದು ಪಿಸ್ತೂಲು ತೆಗೆಯುವಾಗಲ್ಲ, ವಾಪಸ್ ಇಡುವಾಗ. ಜಾಕೆಟ್ಟಿನ ತುದಿಯ ದಾರ, ಅಂಗಿಯ ಅಂಚು, ಹೋಲ್ಸ್ಟರ್ ಒಳಗೆ ಸಿಕ್ಕಿಕೊಂಡು ಟ್ರಿಗರ್‌ಗೆ ತಾಗುತ್ತದೆ, ನೀವು ಮೇಲಿಂದ ಒತ್ತುತ್ತೀರಿ, ಮೂತಿ ನಿಮ್ಮದೇ ತೊಡೆಯ ಕಡೆಗಿರುತ್ತದೆ. ಅದಕ್ಕೆ, ವಾಪಸ್ ಇಡುವಾಗ ಯಾವ ಅವಸರವೂ ಇಲ್ಲ. ಅಂಗಿ ಪೂರ್ತಿ ಮೇಲೆತ್ತಿ, ಬಗ್ಗಿ ನೋಡಿ, ನಿಧಾನಕ್ಕೆ ಇಳಿಸಿ. ಏನೋ ತಡೆದಂತಾದರೆ ಒತ್ತಬೇಡಿ, ಹೊರಗೆ ತೆಗೆದು ನೋಡಿ. ಇನ್ನೊಂದು: ಕೈಯಿಂದ ಜಾರಿದ ಪಿಸ್ತೂಲನ್ನು ಗಾಳಿಯಲ್ಲೇ ಹಿಡಿಯಲು ಹೋಗಬೇಡಿ. ಲೋಟ ಬಿದ್ದರೆ ಕೈ ತಾನಾಗಿ ಹೋಗುತ್ತದಲ್ಲ, ಹಾಗೇ ಹೋಗಿ ಬೆರಳು ನೇರ ಟ್ರಿಗರ್ ಮೇಲೆ ಕೂರುತ್ತದೆ. ಬೀಳಲಿ ಬಿಡಿ.

ಇಷ್ಟಾದ ಮೇಲೂ ಕೈಯಿಂದ ಹಾಕುವ ಕೀಲಿ ಇದ್ದರೇ ನಿಮಗೆ ಸಮಾಧಾನ ಅನ್ನುವುದಾದರೆ ಅಂಥದ್ದೇ ತಗೊಳ್ಳಿ. ಶೀಲ್ಡ್‌ನಲ್ಲೂ ಪಿ365ರಲ್ಲೂ ಕೀಲಿ ಇರುವ ಮಾದರಿಗಳಿವೆ. ಆದರೆ ಆಮೇಲೆ ಪ್ರತಿ ಸಲದ ಅಭ್ಯಾಸದಲ್ಲೂ ಅದನ್ನು ತೆಗೆಯುವುದು ಸೇರಿರಬೇಕು, ಗಾಬರಿಯಲ್ಲಿ ಹೆಬ್ಬೆರಳಿಗೆ ಹೊಸದಾಗಿ ಏನೂ ನೆನಪಾಗುವುದಿಲ್ಲ.

ಪ್ರಶ್ನೆ: ಹೊಸ ಪಿಸ್ತೂಲು. ನಂಬುವ ಮೊದಲು ಎಷ್ಟು ಗುಂಡು ಹಾರಿಸಬೇಕು?

ಉತ್ತರ: ನನ್ನ ಲೆಕ್ಕ ಹೀಗಿದೆ, ಅಭ್ಯಾಸದ ಗುಂಡು ಇನ್ನೂರು, ಜೊತೆಗೆ ನೀವು ನಿಜವಾಗಿ ತುಂಬಿಕೊಂಡು ಓಡಾಡುವ ಗುಂಡು ಕನಿಷ್ಠ ಐವತ್ತು, ಎಲ್ಲೂ ಸಿಕ್ಕಿಕೊಳ್ಳದೆ. ಸಿಕ್ಕಿಕೊಂಡರೆ ಮೊದಲು ಮ್ಯಾಗಜಿನ್ ಬದಲಾಯಿಸಿ ನೋಡಿ, ಕಳ್ಳ ಅಲ್ಲೇ ಇರುವುದು ಜಾಸ್ತಿ. ಆಮೇಲೆ ನಿಮ್ಮ ಹಿಡಿತ. ಮಣಿಕಟ್ಟು ಸಡಿಲವಾಗಿದ್ದರೆ ಸ್ಲೈಡ್ ಹಿಂದೆ ಹೋಗುವಾಗ ಇಡೀ ಪಿಸ್ತೂಲೇ ಅದರ ಜೊತೆ ಹೋಗುತ್ತದೆ, ಖಾಲಿ ತೋಟಾ ಪೂರ್ತಿ ಹೊರಬೀಳದೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಹಗುರ ಪಿಸ್ತೂಲುಗಳಲ್ಲಿ ಇದು ಜಾಸ್ತಿ.

ಪ್ರಶ್ನೆ: ಮನೆಯಲ್ಲಿ ಐದು ವರ್ಷದ ಮಗು ಇದೆ. ಬೀರುವಿನ ಮೇಲೆ ಇಟ್ಟರೆ ಸಾಕಾ?

ಉತ್ತರ: ಸಾಲದು. ಕುರ್ಚಿ ಎಳೆದುಕೊಂಡು ಹತ್ತುವುದನ್ನು ನೀವು ನೋಡಿಲ್ಲ ಅಷ್ಟೆ. ಪಿಸ್ತೂಲು ನಿಮ್ಮ ಸೊಂಟದಲ್ಲಿರಬೇಕು, ಇಲ್ಲವೇ ಬೀಗದ ಕಬ್ಬಿಣದ ಪೆಟ್ಟಿಗೆಯಲ್ಲಿರಬೇಕು. ಮೂರನೇ ಜಾಗ ಇಲ್ಲ.

ಪ್ರಶ್ನೆ: ದಿನಾ ರಾತ್ರಿ ಚೇಂಬರ್ ಖಾಲಿ ಮಾಡಿ ಬೆಳಿಗ್ಗೆ ಅದೇ ಗುಂಡನ್ನು ಮತ್ತೆ ಹಾಕುತ್ತೇನೆ. ತೊಂದರೆ ಇದೆಯಾ?

ಉತ್ತರ: ಇದೆ, ಕೇಳಿದ್ದು ಒಳ್ಳೆಯದಾಯಿತು. ಪ್ರತಿ ಸಲ ಚೇಂಬರಿಗೆ ಹೋಗುವಾಗ ಗುಂಡಿನ ಮೂತಿ ಚೇಂಬರಿನ ಬಾಯಲ್ಲಿರುವ ಇಳಿಜಾರಿಗೆ ಬಡಿಯುತ್ತದೆ. ಅದೇ ಗುಂಡು ಹತ್ತಿಪ್ಪತ್ತು ಸಲ ಬಡಿಸಿಕೊಂಡರೆ ಸ್ವಲ್ಪ ಸ್ವಲ್ಪವೇ ತೋಟಾದೊಳಗೆ ಕುಸಿಯುತ್ತದೆ. ಒಳಗಿನ ಜಾಗ ಕಡಿಮೆಯಾದರೆ ಹಾರಿಸುವಾಗ ಒತ್ತಡ ಮಿತಿ ಮೀರಬಹುದು. ಸಾಧ್ಯವಾದರೆ ಪಿಸ್ತೂಲನ್ನು ಹೋಲ್ಸ್ಟರ್ ಸಮೇತ ತೆಗೆದು ಹಾಗೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ದಿನಾ ಬಿಚ್ಚಿ ಹಾಕುವ ಗೋಜೇ ಇರುವುದಿಲ್ಲ. ಖಾಲಿ ಮಾಡಲೇಬೇಕು ಅನ್ನುವುದಾದರೆ ಗುಂಡುಗಳನ್ನು ಸರದಿಯಲ್ಲಿ ಬದಲಾಯಿಸಿ. ವಾರಕ್ಕೊಮ್ಮೆ ಆ ಗುಂಡನ್ನೂ ಡಬ್ಬಿಯಿಂದ ತೆಗೆದ ಹೊಸದೊಂದನ್ನೂ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ನೋಡಿ. ಹಳೆಯದು ಗಿಡ್ಡ ಕಂಡರೆ ಅದನ್ನು ಬೇರೆ ತೆಗೆದಿಡಿ. ಹಾರಿಸಬೇಡಿ, ರೇಂಜಿನವರಿಗೆ ಕೊಟ್ಟುಬಿಡಿ.