ಹೊಸ ಧಾರ್ಮಿಕ ಪಂಥದಿಂದಲೇ ಹಣ ಪಡೆದು ಅದರ ಅಧ್ಯಯನ ನಡೆಸುವುದು ಸರಿಯೇ?

ಸರಿಯಲ್ಲ, ಅದಕ್ಕೆ ಜಪಾನಿನ ಓಮ್ ಶಿನ್ರಿಕ್ಯೋ ಎಂಬ ಪಂಥದ ಪ್ರಕರಣವೇ ಸಾಕ್ಷಿ. 1995ರ ಮಾರ್ಚ್‌ನಲ್ಲಿ ಟೋಕಿಯೊದ ಸುರಂಗ ರೈಲುಗಳಲ್ಲಿ ಸರಿನ್ ವಿಷಾನಿಲ ದಾಳಿ ನಡೆದ ಕೆಲವೇ ವಾರಗಳಲ್ಲಿ, ಅಮೆರಿಕದ ಕೆಲವು ವಿದ್ವಾಂಸರು ಆ ಪಂಥದ ಖರ್ಚಿನಲ್ಲೇ ಜಪಾನಿಗೆ ಹೋಗಿ, ಪತ್ರಿಕಾಗೋಷ್ಠಿಯಲ್ಲಿ ಅದರ ಪರವಾಗಿ ಮಾತನಾಡಿದರು. ದಾಳಿ ನಡೆಸಿದ್ದು ಪಂಥದ ಸದಸ್ಯರೇ ಎಂಬುದು ಮುಂದೆ ನ್ಯಾಯಾಲಯದಲ್ಲಿ ಸಾಬೀತಾಯಿತು. ಧಾರ್ಮಿಕ ಸ್ವಾತಂತ್ರ್ಯದ ಕಾಳಜಿ ಅವರಲ್ಲಿ ಪ್ರಾಮಾಣಿಕವಾಗಿಯೇ ಇದ್ದಿರಬಹುದು, ಆದರೆ ಟಿಕೆಟಿನ ಹಣ ಯಾರದೆಂಬ ಪ್ರಶ್ನೆಯೆದುರು ಅದು ನಿಲ್ಲುವುದಿಲ್ಲ. ಹಾಗೆಂದು ಪಂಥ ತೊರೆದವರ ಮಾತನ್ನಷ್ಟೇ ನೆಚ್ಚುವುದೂ ಸಲ್ಲದು. ಗುಟ್ಟಾಗಿ ಒಳಹೊಕ್ಕು ನೋಡುವುದಂತೂ ಇನ್ನೂ ತೊಡಕಿನದು: 1950ರ ದಶಕದಲ್ಲಿ ಪ್ರಳಯವನ್ನು ಕಾಯುತ್ತಿದ್ದ ಅಮೆರಿಕದ ಪುಟ್ಟ ಗುಂಪೊಂದಕ್ಕೆ ಸಂಶೋಧಕರು ಭಕ್ತರ ಸೋಗಿನಲ್ಲಿ ಸೇರಿಕೊಂಡಾಗ, ಹೊಸಬರ ಆಗಮನವೇ ಸದಸ್ಯರ ನಂಬಿಕೆಗೆ ಇಂಬು ನೀಡಿತ್ತು.