47.60 ಅನ್ನು ಅಳಿಸಬೇಕಾ?

ಅಥ್ಲೆಟಿಕ್ಸ್‌ನಲ್ಲಿ ಉದ್ದೀಪನ ಮದ್ದು ಜೋರಾಗಿ ನಡೆಯುತ್ತಿದ್ದ ಕಾಲದ ವಿಶ್ವದಾಖಲೆಗಳನ್ನು ಉಳಿಸಿಕೊಳ್ಳಬೇಕಾ, ಕಿತ್ತು ಹಾಕಬೇಕಾ ಅಂತ ಕೇಳಿದ್ದೀರಿ. ನನ್ನ ಉತ್ತರ: ಕಿತ್ತು ಹಾಕಬೇಡಿ, ಹಳೇ ಪುಸ್ತಕ ಮುಚ್ಚಿಟ್ಟು ಹೊಸದು ತೆರೆಯಿರಿ.

ನಾನು ಕಾಲೇಜಿನಲ್ಲಿ 400 ಮೀಟರ್ ಓಡುತ್ತಿದ್ದೆ. ಅಂಥಾ ದೊಡ್ಡ ಓಟಗಾರನೇನಲ್ಲ. ಮುನ್ನೂರು ದಾಟುತ್ತಿದ್ದ ಹಾಗೆ ಕಾಲಿಗೆ ಮರಳಿನ ಮೂಟೆ ಕಟ್ಟಿದಂತಾಗುತ್ತಿತ್ತು. ಅದಕ್ಕೇ ಏನೋ, 47.60 ಅನ್ನೋ ಅಂಕಿ ತಲೆಯಲ್ಲಿ ಕೂತುಬಿಟ್ಟಿದೆ. 1985ರ ಅಕ್ಟೋಬರ್ 6ರಂದು ಕ್ಯಾನ್‌ಬೆರಾದಲ್ಲಿ ಪೂರ್ವ ಜರ್ಮನಿಯ ಮರಿಟಾ ಕೊಖ್ ಓಡಿದ ಸಮಯ ಅದು. ಮಹಿಳೆಯರ ಆ ವಿಶ್ವದಾಖಲೆ ನಲವತ್ತು ವರ್ಷವಾದರೂ ಅಲ್ಲಾಡಿಲ್ಲ.

ಪೂರ್ವ ಜರ್ಮನಿಯಲ್ಲಿ ಮದ್ದು ಕೊಡುತ್ತಿದ್ದದ್ದು ಸರ್ಕಾರವೇ. ವಿಟಮಿನ್ ಅಂತ ಹೇಳಿ ಶಾಲೆಗೆ ಹೋಗುವ ಹುಡುಗಿಯರಿಗೂ ಓರಲ್ ಟುರಿನಾಬೋಲ್ ಅನ್ನೋ ನೀಲಿ ಮಾತ್ರೆ ನುಂಗಿಸಿದ್ದರು. ಇದನ್ನು ನಡೆಸಿದ ಕ್ರೀಡಾ ಮುಖ್ಯಸ್ಥ ಮ್ಯಾನ್‌ಫ್ರೆಡ್ ಇವಾಲ್ಡ್‌ಗೆ 2000ದಲ್ಲಿ ಬರ್ಲಿನ್ ಕೋರ್ಟಿನಲ್ಲಿ ಶಿಕ್ಷೆಯೂ ಆಯಿತು. ಆದರೆ ಕೊಖ್ ಮಾತ್ರ ಒಂದು ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ, ತಪ್ಪು ಮಾಡಿದೆ ಅಂತ ಒಪ್ಪಿಕೊಂಡೂ ಇಲ್ಲ. ಊರೆಲ್ಲ ಅನುಮಾನ ಪಡುತ್ತೆ ಅಂತ ಒಬ್ಬರ ಹೆಸರು ಹೊಡೆದು ಹಾಕೋದು ಹೇಗೆ?

2017ರಲ್ಲಿ ಯುರೋಪಿನ ಅಥ್ಲೆಟಿಕ್ಸ್ ಸಂಸ್ಥೆ ಒಂದು ಯೋಜನೆ ಮುಂದಿಟ್ಟಿತು. ಮದ್ದಿನ ಪರೀಕ್ಷೆಗೆ ತೆಗೆದ ಮೂತ್ರ, ರಕ್ತದ ಮಾದರಿಗಳನ್ನು ಜೋಪಾನವಾಗಿ ಇಡಲು ಶುರು ಮಾಡಿದ್ದು 2005ರಲ್ಲಿ. ಅದಕ್ಕಿಂತ ಹಿಂದಿನದ್ದಕ್ಕೆ ದಾಖಲೆಯ ಪಟ್ಟ ಬೇಡ ಅನ್ನೋದು ಅವರ ವಾದ. ಮ್ಯಾರಥಾನ್ ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್ ಸಿಡಿದೆದ್ದರು. ಅವರ 2003ರ ದಾಖಲೆಯೂ ಹೋಗುತ್ತಿತ್ತಲ್ಲ! ಪ್ರಾಮಾಣಿಕವಾಗಿ ಓಡಿದವರನ್ನೂ ಕಳ್ಳರ ಸಾಲಿಗೆ ಸೇರಿಸಿದ ಹಾಗಾಗುತ್ತೆ ಅಂತ ಕೂಗೆದ್ದಿತು. ಯೋಜನೆ ಅಲ್ಲಿಗೇ ನಿಂತಿತು.

ಇಲ್ಲಿ ನನಗೆ ನೆನಪಾಗೋದು ಜಾವೆಲಿನ್. 1984ರಲ್ಲಿ ಉವೆ ಹೋನ್ 104.80 ಮೀಟರ್ ಎಸೆದರು. (ಹೌದು, ನಮ್ಮ ನೀರಜ್ ಚೋಪ್ರಾಗೆ ಸ್ವಲ್ಪ ಕಾಲ ಕೋಚ್ ಆಗಿದ್ದರಲ್ಲ, ಅವರೇ.) ಹೀಗೇ ಬಿಟ್ಟರೆ ಮೈದಾನವೇ ಸಾಲದು ಅಂತ ಭಯ ಹುಟ್ಟಿತು. 1986ರಲ್ಲಿ ಈಟಿಯ ತೂಕವನ್ನು ಸ್ವಲ್ಪ ಮುಂದಕ್ಕೆ ಸರಿಸಿದರು, ಮೂಗು ಬೇಗ ನೆಲಕ್ಕೆ ಬಾಗಲಿ ಅಂತ. ದಾಖಲೆಯ ಲೆಕ್ಕವನ್ನೂ ಹೊಸದಾಗಿ ಶುರು ಮಾಡಿದರು. ಈಗಿನ ವಿಶ್ವದಾಖಲೆ ಯಾನ್ ಜೆಲೆಜ್ನಿಯವರ 98.48. ಹೋನ್‌ಗೆ ಇದರಿಂದ ಯಾವ ಅವಮಾನವೂ ಆಗಲಿಲ್ಲ. 2025ರಲ್ಲಿ ನೀರಜ್ 90.23 ಎಸೆದಾಗ ‘104 ಎಲ್ಲಿ, ಇದೆಲ್ಲಿ’ ಅಂತ ಯಾರೂ ಮೂಗು ಮುರಿಯಲಿಲ್ಲ ಅಲ್ವಾ? ಅಲ್ಲಿ ಈಟಿ ಬದಲಾಯಿತು, ಇಲ್ಲಿ ಪರೀಕ್ಷೆ ಬದಲಾಗಿದೆ. ಅಷ್ಟೇ ವ್ಯತ್ಯಾಸ.

ಹೊಸ ಪುಸ್ತಕದಲ್ಲೂ ಮೋಸಗಾರರು ನುಸುಳುತ್ತಾರೆ, ಸುಳ್ಳಲ್ಲ. ಆದರೆ ಈಗ ಇಟ್ಟ ಮಾದರಿಯನ್ನು ಹತ್ತು ವರ್ಷದೊಳಗೆ ಮತ್ತೆ ತೆಗೆದು ನೋಡಬಹುದು. ಕೊಖ್ ಕಾಲದ್ದನ್ನು ಎಲ್ಲಿಂದ ತರೋದು?

ತನ್ನ ಹೆಸರು ತೆಗೆಯಿರಿ ಅಂತ ತಾವಾಗಿಯೇ ಕೇಳುವವರಿಗೆ ಮಾತ್ರ ಇಲ್ಲ ಅನ್ನಬಾರದು. ಪೂರ್ವ ಜರ್ಮನಿಯ ಓಟಗಾರ್ತಿ ಇನೆಸ್ ಗೈಪೆಲ್ ಹಾಗೆ ಕೇಳಿದ್ದರು. 1984ರಲ್ಲಿ ಅವರ ಕ್ಲಬ್ ತಂಡ 4x100 ರಿಲೇಯಲ್ಲಿ ದಾಖಲೆ ಮಾಡಿತ್ತು. ತಾನು ಮದ್ದಿನ ಬಲದಲ್ಲಿ ಓಡಿದ್ದು ಅಂತ ಅವರೇ ಹೇಳಿದರು. ಈಗ ಆ ಪಟ್ಟಿಯಲ್ಲಿ ಮೂವರ ಹೆಸರಿದೆ, ನಾಲ್ಕನೆಯ ಜಾಗದಲ್ಲಿ ಒಂದು ನಕ್ಷತ್ರದ ಗುರುತು.

2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೋ ವಿಶ್ವ ಚಾಂಪಿಯನ್‌ಷಿಪ್‌ನ 400 ಮೀಟರ್ ಫೈನಲ್ಲನ್ನು ಮೊಬೈಲಿನಲ್ಲಿ ನೋಡಿದೆ. ಮಳೆಯಲ್ಲಿ ನೆನೆದ ಟ್ರ್ಯಾಕ್. ಸಿಡ್ನಿ ಮೆಕ್‌ಲಾಫ್ಲಿನ್ ಲೆವ್ರೋನ್ 47.78ಕ್ಕೆ ಗೆರೆ ದಾಟಿದರು. ಹಿಂದೆಯೇ ಬಂದ ಮರಿಲೇಡಿ ಪೌಲಿನೊ 47.98. ಅಷ್ಟು ಓಡಿದರೂ ಸಿಡ್ನಿಗೆ ಸಿಕ್ಕಿದ್ದು ಕೂಟದಾಖಲೆ, ವಿಶ್ವದಾಖಲೆಯಲ್ಲ. ನನ್ನ ಹೊಸ ಪುಸ್ತಕದಲ್ಲಾದರೆ 400 ಮೀಟರ್ ಪುಟದ ಮೇಲ್ಸಾಲಿನಲ್ಲಿ ಅವರ ಹೆಸರೇ ಇರುತ್ತಿತ್ತು.