ಎಡಿಎಚ್‌ಡಿ ಮಾತ್ರೆಯನ್ನು ಕೆಲಸ ಹೆಚ್ಚಿದ್ದ ದಿನ ಮಾತ್ರ ತೆಗೆದುಕೊಂಡರೆ ಸಾಲದೇ?

ಮೂವತ್ತು ದಾಟಿದ ಮೇಲೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಅಂತ ಗೊತ್ತಾಗಿದೆ, ಅದಕ್ಕೆ ಕೊಟ್ಟ ಮಾತ್ರೆ ಮೀಥೈಲ್‌ಫೆನಿಡೇಟನ್ನು ಅರ್ಜೆಂಟ್ ಇದ್ದ ದಿನ ಮಾತ್ರ ನುಂಗಿ ಮಿಕ್ಕ ದಿನ ಶಿಸ್ತಿನಿಂದ ತಳ್ಳುತ್ತೇನೆ ಅನ್ನುತ್ತೀರಿ. ನಾನೂ ಇದೇ ಲೆಕ್ಕ ಹಾಕಿದ್ದವನು. ಬಿಟ್ಟುಬಿಡಿ ಅದನ್ನು.

ಯಾಕೆಂದರೆ, ಅರ್ಜೆಂಟ್ ಅಂತ ನಮ್ಮಂಥವರಿಗೆ ಹೊಳೆಯುವುದೇ ಸಂಜೆ ನಾಲ್ಕರ ಮೇಲೆ. ಆಗ ನುಂಗಿದ ಸಾಧಾರಣ ಮಾತ್ರೆ ಅರ್ಧದಿಂದ ಒಂದು ಗಂಟೆಯೊಳಗೆ ಹಿಡಿದು ಮೂರ್ನಾಲ್ಕು ಗಂಟೆ ನಿಲ್ಲುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಜಾತಿಯದ್ದಾದರೆ ಎಂಟರಿಂದ ಹನ್ನೆರಡು ಗಂಟೆ. ಮೇಲೆ ಎರಡು ಲೋಟ ಫಿಲ್ಟರ್ ಕಾಫಿ ಬೇರೆ. ಅದರ ಕೆಫೀನ್ ಅರ್ಧಕ್ಕೆ ಇಳಿಯಲೇ ಸುಮಾರು ಐದು ಗಂಟೆ ಬೇಕು. ರಾತ್ರಿ ಎರಡಾದರೂ ಕಣ್ಣು ಹತ್ತುವುದಿಲ್ಲ. ಮರುದಿನ ಮರೆವು, ಸಿಡುಕು, ಹಿಡಿದ ಕೆಲಸ ಅರ್ಧಕ್ಕೇ ಬಿಡುವುದು. ನಿದ್ದೆಗೆಟ್ಟವರ ಲಕ್ಷಣವೂ ಇದೇ, ಎಡಿಎಚ್‌ಡಿ ಲಕ್ಷಣವೂ ಇದೇ. ಹಾಗಾಗಿ "ಮಾತ್ರೆ ನನಗೆ ಆಗಿಬರಲ್ಲ" ಅಥವಾ "ಡೋಸ್ ಸಾಲದು" ಅನ್ನಿಸುತ್ತದೆ. ಎಷ್ಟು ಗಂಟೆಗೆ ನುಂಗಿದಿರಿ ಅಂತ ನೀವು ಹೇಳದಿದ್ದರೆ ಡಾಕ್ಟರಿಗೂ ಹಾಗೇ ಅನ್ನಿಸಬಹುದು. ಡೋಸ್ ಏರುತ್ತದೆ, ನಿದ್ದೆ ಇನ್ನಷ್ಟು ಕೆಡುತ್ತದೆ.

ಬೆಳಗ್ಗೆ ತಿಂಡಿ ತಿಂದು ತೆಗೆದುಕೊಳ್ಳಿ. ಆಮೇಲೆ ಹಸಿವು ಸಾಯುತ್ತದೆ. ಮಧ್ಯಾಹ್ನದ ಊಟಕ್ಕೆ ಅಲಾರಂ ಇಡಿ. ಎರಡು ವಾರ ಒಂದು ಹಾಳೆಯಲ್ಲಿ ಬರೆಯಿರಿ: ನುಂಗಿದ ಗಂಟೆ, ಗಮನ ಹಿಡಿದ ಗಂಟೆ, ಇಳಿದ ಗಂಟೆ, ಮಲಗಿದ ಗಂಟೆ, ಬಿಪಿ, ನಾಡಿ. ಡೋಸ್ ಮಾತುಕತೆ ಆ ಹಾಳೆಯ ಮೇಲೆ ನಡೆಯಲಿ. ನಿಮಗಾಗಲಿ ಮನೆಯಲ್ಲಿ ಯಾರಿಗಾಗಲಿ ಹೃದಯದ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಭಾನುವಾರ ಬಿಡಬಹುದೇ ಅನ್ನುವುದನ್ನೂ ಅವರನ್ನೇ ಕೇಳಿ. ಎಡಿಎಚ್‌ಡಿಯ ಇನ್ನೊಂದು ಔಷಧಿ ಆಟೊಮಾಕ್ಸೆಟಿನ್ ಕೊಟ್ಟಿದ್ದರಂತೂ ಬೇಕಾದಾಗ ನುಂಗುವ ಮಾತೇ ಇಲ್ಲ. ದಿನಾ ತೆಗೆದುಕೊಂಡರೂ ಪೂರ್ತಿ ಪರಿಣಾಮ ಕಾಣಲು ನಾಲ್ಕಾರು ವಾರ ಬೇಕು.

ಇನ್ನು ಶಿಸ್ತು. ಏನು ಮಾಡಬೇಕು ಅನ್ನುವುದು ನಿಮಗೆ ಚೆನ್ನಾಗಿಯೇ ಗೊತ್ತು, ಆ ಹೊತ್ತಿಗೆ ಕೈ ಏಳುವುದಿಲ್ಲ. ಅದಕ್ಕೆ ಬೈದುಕೊಂಡು ಪ್ರಯೋಜನವಿಲ್ಲ. ತಲೆಯಲ್ಲಿರುವುದನ್ನು ಕಣ್ಣೆದುರು ತನ್ನಿ: ಬೀಗದ ಕೈಗೆ ಬಾಗಿಲ ಪಕ್ಕ ಒಂದು ಮೊಳೆ, ಕರೆಂಟ್ ಬಿಲ್ಲಿಗೆ ಆಟೊಪೇ. ಪಟ್ಟಿಯಲ್ಲಿ "ಟ್ಯಾಕ್ಸ್ ಕೆಲಸ" ಅಂತ ಬರೆದರೆ ಅದು ಅಲ್ಲೇ ಕೊಳೆಯುತ್ತದೆ. "ಬ್ಯಾಂಕ್ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡು" ಅಂತ ಬರೆಯಿರಿ. ಬೇಸರದ ಕೆಲಸಕ್ಕೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ಅವರು ತಮ್ಮ ಪಾಡಿಗೆ ಏನಾದರೂ ಮಾಡುತ್ತಿರಲಿ. ಹೊಸ ಆ್ಯಪ್ ಬೇಡ. ಹೊಸತನ ಇರುವವರೆಗೆ ಮಾತ್ರ ಅದು ನಡೆಯುತ್ತದೆ.

ಇದು ನಿಜಕ್ಕೂ ಎಡಿಎಚ್‌ಡಿಯೇ ಅನ್ನುವ ಒಂದು ಅನುಮಾನ ಉಳಿಸಿಕೊಳ್ಳಿ. ಲಕ್ಷಣಗಳಲ್ಲಿ ಹಲವು 12 ವರ್ಷಕ್ಕೆ ಮುಂಚೆಯೇ, ಮನೆ-ಶಾಲೆಯಂಥ ಎರಡು ಕಡೆಯಾದರೂ ಕಂಡಿರಬೇಕು. ಎಲ್ಲವೂ ಕೆಲಸಕ್ಕೆ ಸೇರಿದ ಮೇಲೆ ಶುರುವಾಗಿದ್ದರೆ ಥೈರಾಯ್ಡ್, ಗೊರಕೆ ಜೊತೆಗಿನ ಉಸಿರುಕಟ್ಟು, ಖಿನ್ನತೆ ಇವನ್ನು ನೋಡಿಸಿ.

ಮೀಥೈಲ್‌ಫೆನಿಡೇಟ್ ನಮ್ಮಲ್ಲಿ ಷೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಮ ಇರುವ ಪಟ್ಟಿಯದ್ದು. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಈ ರಗಳೆಗೆ ಬಹಳ ಮೆಡಿಕಲ್ ಸ್ಟೋರ್‌ಗಳು ತರಿಸುವುದೇ ಇಲ್ಲ. ಆಸ್ಪತ್ರೆಯ ಫಾರ್ಮಸಿಯಲ್ಲೇ ವಿಚಾರಿಸಿ, ಡಬ್ಬಿಯಲ್ಲಿ ಹತ್ತು ಮಾತ್ರೆ ಉಳಿದಿರುವಾಗಲೇ ಹೊರಡಿ.